ಅನಾಥೆಮ್ ಕಾದಂಬರಿ: 180ನೇ ಪುಟದಲ್ಲಿ ಸಿಕ್ಕಿಬಿದ್ದಿದ್ದೇನೆ, ಮುಂದೆ ಹೋಗಲಾ ಮುಚ್ಚಿಡಲಾ?

ಗುಮ್ಮಟದ_ಬಾವಲಿ (ವಿಜಯಪುರ)

ನಮಸ್ಕಾರ ರೀ ಎಲ್ಲರಿಗೂ. ದಿನಾ ವಿಜಯಪುರದಿಂದ ಇಂಡಿಗೆ ಬಸ್ಸಿನಲ್ಲಿ ಹೋಗಿ ಬರುವವನು ನಾನು, ನನ್ನ ಓದೆಲ್ಲ ಬಸ್ಸಿನಲ್ಲೇ. ಹೋದ ತಿಂಗಳು ನೀಲ್ ಸ್ಟೀಫನ್‌ಸನ್ ಬರೆದ ಅನಾಥೆಮ್ ಅನ್ನೋ ವೈಜ್ಞಾನಿಕ ಕಾದಂಬರಿ ತರಿಸಿಕೊಂಡೆ. 2008ರಲ್ಲಿ ಬಂದದ್ದು, 900 ಪುಟದ ಮೇಲಿದೆ. ತೊಡೆ ಮೇಲೆ ಇಟ್ಟುಕೊಂಡು ಕೂತರೆ ಪಕ್ಕದವರು ವಕೀಲರಾ ಅಂತ ಕೇಳುತ್ತಾರೆ. ನಮ್ಮ ಅವ್ವ ಹೆಸರು ಕೇಳಿ ಯಾರೋ ಅನಾಥನ ಕಥೆ ಅಂದುಕೊಂಡಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.

ವಿಷಯ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆರ್ಬ್ರ್ ಅನ್ನೋ ಬೇರೆ ಗ್ರಹ. ಅಲ್ಲಿ ಲೆಕ್ಕ, ತರ್ಕ, ನಕ್ಷತ್ರ ಅಂತ ತಲೆ ಕೆಡಿಸಿಕೊಳ್ಳುವವರನ್ನೆಲ್ಲ ದೊಡ್ಡ ಗೋಡೆಯ ಒಳಗೆ ಇಟ್ಟಿದ್ದಾರೆ. ಹೊರಗಿನ ಲೋಕಕ್ಕೂ ಅವರಿಗೂ ಸಂಪರ್ಕ ಇಲ್ಲ. ಬಾಗಿಲು ತೆಗೆಯುವುದು ಕೆಲವರಿಗೆ ವರ್ಷಕ್ಕೊಮ್ಮೆ, ಕೆಲವರಿಗೆ 10 ವರ್ಷಕ್ಕೊಮ್ಮೆ, ಕೆಲವರಿಗೆ 100ಕ್ಕೆ, ಇನ್ನು ಕೆಲವರಿಗೆ 1000 ವರ್ಷಕ್ಕೊಮ್ಮೆ. ಒಬ್ಬೊಬ್ಬರಿಗೆ ಸ್ವಂತಕ್ಕೆ ಅಂತ ಇರೋದು ಮೂರೇ ವಸ್ತು, ಒಂದು ಬಟ್ಟೆ, ಒಂದು ಹಗ್ಗ, ಒಂದು ಚೆಂಡು. ಇದನ್ನು ಓದಿದಾಗ ಮೈ ಜುಂ ಅಂದಿತ್ತು ನಿಜ.

ಆದರೆ ರೀ, 180 ಪುಟ ಆಯ್ತು. ಇಷ್ಟರಲ್ಲಿ ಅವರು ಮಾಡಿದ್ದೇನು? ಗಡಿಯಾರಕ್ಕೆ ಕೀಲಿ ಕೊಟ್ಟರು, ಮಾತಾಡಿದರು, ಮತ್ತೆ ಮಾತಾಡಿದರು. ಅದೂ ನಮಗೆ ಗೊತ್ತಿಲ್ಲದ ಪದಗಳಲ್ಲಿ. ನಿನ್ನೆ ಒಂದೇ ಪುಟದಲ್ಲಿ 11 ಹೊಸ ಪದ ಎಣಿಸಿದೆ. ಒಂದು ಜೇಬುಪುಸ್ತಕ ಇಟ್ಟುಕೊಂಡು ಅರ್ಥ ಊಹಿಸಿ ಬರೆಯುತ್ತಿದ್ದೇನೆ, ಈಗಾಗಲೇ 64 ಪದ. ನಾನು ಕಾದಂಬರಿ ಓದುತ್ತಿದ್ದೇನಾ ಕೆಪಿಎಸ್‌ಸಿ ಪರೀಕ್ಷೆಗೆ ತಯಾರಾಗುತ್ತಿದ್ದೇನಾ? ಪೂರ್ತಿ ಓದಿದವರು ಯಾರಾದರೂ ಇದ್ದರೆ ಹೇಳಿ.

ಕುಂದಾ_ಕ್ಯಾಂಪ್ (ಬೆಳಗಾವಿ)

ಓದಿದ್ದೇನೆ. ಎರಡು ಮಳೆಗಾಲ ಹಿಡಿಯಿತು. ನಡುವೆ ಎಂಟು ತಿಂಗಳು ಬಿಟ್ಟಿದ್ದೆ.

ಹಿಂದಿನ ಪುಟಗಳಲ್ಲಿ ಪದಕೋಶ ಇದೆಯಲ್ಲ, ನೋಡಿಲ್ವಾ? ಶುರುವಿನಲ್ಲಿ ಲೇಖಕರ ಟಿಪ್ಪಣಿ ಇದೆ, ಅದಾದ ಮೇಲೆ ಕಾಲಾನುಕ್ರಮ ಇದೆ. ನೀವು ಜೇಬುಪುಸ್ತಕ ಯಾಕೆ ಇಟ್ಟುಕೊಂಡಿರಿ?

ಗುಮ್ಮಟದ_ಬಾವಲಿ

ಏನು? ಪದಕೋಶವಾ?

ಈಗ ತೆಗೆದು ನೋಡಿದೆ. ನನ್ನ ಪ್ರತಿಯಲ್ಲಿ ಕಥೆ ಮುಗಿದ ಮೇಲೆ ಒಂದು ಹಾಳೆ ಇದೆ, ಆಮೇಲೆ ನೇರ ರಟ್ಟು. ರಟ್ಟಿನ ಬುಡದಲ್ಲಿ ಹರಿದ ಅಂಚು ಕಾಣುತ್ತದೆ, ಯಾರೋ ನೀಟಾಗಿ ಬ್ಲೇಡ್ ಹಾಕಿ ತೆಗೆದಿದ್ದಾರೆ. ಹಳೇ ಪುಸ್ತಕ ಮಾರುವವರ ಹತ್ತಿರ ತಗೊಂಡಿದ್ದು. ಹೆಸರು ಬೇಡ, "ಸ್ಥಿತಿ: ಬಹಳ ಒಳ್ಳೆಯದು" ಅಂತ ಬರೆದಿದ್ದರು. 64 ಪದ ರೀ! ಬಸ್ಸು ಕುಲುಕುವಾಗ ಪೆನ್ನು ಹಿಡಿದು ಬರೆದಿದ್ದೇನೆ!

ಸುಮ್ನೆ_ಓದೋನು

ಹಿಂದೆ ಪದಕೋಶ ಬೇಕಾಗುವ ಕಾದಂಬರಿ ಅಂದರೆ ಲೇಖಕ ತನ್ನ ಕೆಲಸ ಮಾಡಿಲ್ಲ ಅಂತ ಅರ್ಥ. ನಾನು 90 ಪುಟಕ್ಕೆ ಬಿಟ್ಟೆ. ಎಲ್ಲರ ಕೈಯಲ್ಲೂ ಇರುವ ಫೋನಿಗೆ "ಜೀಜಾ" ಅಂತ ಹೆಸರಿಟ್ಟಿದ್ದಾನೆ, ಹಿಂದಿಯಲ್ಲಿ ಜೀಜಾ ಅಂದರೆ ಅಕ್ಕನ ಗಂಡ. ಸೊಂಟಕ್ಕೆ ಒಬ್ಬೊಬ್ಬ ಭಾವನನ್ನು ಸಿಕ್ಕಿಸಿಕೊಂಡು ಓಡಾಡುತ್ತಾರೆ ಅಂತ ಓದಿ ನಗು ಬಂತು. ವಿಡಿಯೊ ಕ್ಯಾಮೆರಾಗೆ ಇನ್ನೊಂದು ಹೆಸರು. ಪೈಥಾಗೊರಸ್ ಪ್ರಮೇಯಕ್ಕೆ ಇನ್ನೊಂದು. ಹಳೇ ಸಾಮಾನಿಗೆ ಹೊಸ ಚೀಟಿ ಅಂಟಿಸಿದರೆ ಹೊಸ ಲೋಕ ಆಗುತ್ತಾ?

ಕರದಂಟು87 (ಅಮೀನಗಡ)

ಸುಮ್ನೆ ಅಣ್ಣ, ಚೀಟಿ ಮಾತ್ರ ಅಲ್ಲ ಅದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಆ ಗೋಡೆಯೊಳಗಿನ ಒಂದೊಂದು ವಿಭಾಗಕ್ಕೆ ಪುಸ್ತಕದಲ್ಲಿ ಏನಂತಾರೆ ಗೊತ್ತಾ? ಮ್ಯಾಥ್. ಗಣಿತಕ್ಕೆ ಇಂಗ್ಲಿಷಿನಲ್ಲಿ ಬರುತ್ತದಲ್ಲ, ಅದೇ ಕಾಗುಣಿತ. ಇಂಗ್ಲಿಷ್ ಓದುಗರಿಗೆ ಅದು ಗಣಿತದ ಮೇಲಿನ ಶ್ಲೇಷೆ ಅಷ್ಟೇ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನಮ್ಮ ಕಡೆ ಹಿರೇಮಠ, ಚಿಕ್ಕಮಠ ಅಂತ ಅಡ್ಡಹೆಸರು ಇರುವವರು ಇಂಗ್ಲಿಷಿನಲ್ಲಿ ಕೊನೆಗೆ ಬರೆಯುವುದು ಅದೇ ನಾಲ್ಕು ಅಕ್ಷರ ತಾನೇ? ನಾನು ಮೊದಲ ದಿನದಿಂದ ಅದನ್ನು "ಮಠ" ಅಂತಲೇ ಓದಿದೆ. ಅರ್ಥವೂ ಸರಿಯಾಗಿ ಕೂತಿತು! ಒಂದು ವರ್ಷದ ಮಠ, ಹತ್ತು ವರ್ಷದ ಮಠ, ನೂರರ ಮಠ, ಸಾವಿರದ ಮಠ.

ಅಲ್ಲಿಂದ ಮುಂದೆ ಎಲ್ಲ ಸಲೀಸು. ಅಲ್ಲಿನ ಗಂಡಸರನ್ನು "ಫ್ರಾ" ಅಂತಾರೆ, ಹೆಂಗಸರನ್ನು "ಸೂರ್". ಅಂದರೆ ಅಣ್ಣ, ಅಕ್ಕ. ಬಸವಣ್ಣ, ಚೆನ್ನಬಸವಣ್ಣ, ಅಕ್ಕಮಹಾದೇವಿ ಅಂತ ಕರೆದುಕೊಂಡು ಬಂದ ನಮಗೆ ಇದು ಹೊಸದಾ? ಕಥೆ ಹೇಳುವ ಹುಡುಗ ಎರಾಸ್ಮಸ್‌ನನ್ನು ನಾನು ಎರಾಸ್ಮಣ್ಣ ಅಂತಲೇ ಓದಿದ್ದು. ಅವನ ಗುರು ಓರೊಲೊ ಓರೊಲಣ್ಣ. ಹತ್ತು ವರ್ಷಕ್ಕೊಮ್ಮೆ ಹತ್ತು ದಿನ ಬಾಗಿಲು ತೆರೆದು, ಊರಿನವರು ಒಳಗೆ ಬಂದು, ಒಳಗಿನವರು ಹೊರಗೆ ಹೋಗಿ ಬರುವುದಕ್ಕೆ "ಅಪರ್ಟ್" ಅಂತಾರೆ. ನಮ್ಮಲ್ಲಿ ಅದಕ್ಕೆ ಜಾತ್ರೆ ಅಂತಾರೆ.

ಗುಮ್ಮಟದ_ಬಾವಲಿ

ಎರಾಸ್ಮಣ್ಣ! ಬಸ್ಸಿನಲ್ಲಿ ಒಬ್ಬನೇ ನಕ್ಕುಬಿಟ್ಟೆ. ಕಂಡಕ್ಟರ್ ತಿರುಗಿ ನೋಡಿದ.

ಸುಮ್ನೆ_ಓದೋನು

ಅದು ನಿಮ್ಮ ಕೈಚಳಕ, ಲೇಖಕನದ್ದಲ್ಲ.

ಇಳಕಲ್_ಅಂಚು

ಪೂರ್ತಿ ಹಾಗೇನಿಲ್ಲ. "ಸೌಂಟ್" ಅನ್ನೋ ಪದ ತಗೊಳ್ಳಿ. ಇಂಗ್ಲಿಷಿನ ಸೇಂಟ್ ಥರ ಕೇಳಿಸುತ್ತದೆ, ಆದರೆ ಹುಟ್ಟಿದ್ದು ಪಂಡಿತ ಅನ್ನೋ ಅರ್ಥದ "ಸವಂಟ್" ಪದದಿಂದ. ಕಲ್ಲಿನಲ್ಲಿ ಕೆತ್ತುವಾಗ ವಿ ಮತ್ತು ಯು ಅಕ್ಷರ ಒಂದೇ ಥರ ಕಾಣುತ್ತಿದ್ದವು, ಓದುವವರು ತಪ್ಪು ಓದಿದರು, ತಪ್ಪೇ ರೂಢಿಯಾಯಿತು. ವಿಜಯಪುರ ಬಾಯಿಂದ ಬಾಯಿಗೆ ಬಿಜಾಪುರ ಆಗಿ 2014ರಲ್ಲಿ ಮತ್ತೆ ವಿಜಯಪುರ ಆಯ್ತಲ್ಲ, ಪದಗಳಿಗೂ ಹೀಗೆ ಒಂದು ಜೀವನ ಇರುತ್ತದೆ. ಆ ಲೋಕದಲ್ಲಿ 3600 ವರ್ಷದ ಹಿಂದೆ ಒಂದು ದೊಡ್ಡ ಅನಾಹುತ ಆಗಿ, ವಿದ್ಯಾವಂತರನ್ನು ಗೋಡೆಯೊಳಗೆ ಕಳಿಸುವ ಒಪ್ಪಂದ ಆಗಿದೆ. ಕಥೆ ನಡೆಯುವುದು ಆ ಲೆಕ್ಕದ 3689ನೇ ವರ್ಷದಲ್ಲಿ. ಅಷ್ಟು ವರ್ಷ ಸವೆದ ಮಾತು ಸವೆದ ಹಾಗೇ ಕೇಳಿಸಬೇಕು. ಫೋನ್ ಅಂತ ನೇರ ಬರೆದಿದ್ದರೆ ಅದು ಇಲ್ಲಿನ ಕಥೆ ಆಗಿಬಿಡುತ್ತಿತ್ತು.

ಬಾವಲಿ ಅವರೇ, ನೀವು ದಿನಾ ಇಂಡಿಗೆ ಹೋಗುವವರು. ಅದೇ ತಾಲ್ಲೂಕಿನ ಸಾಲೋಟಗಿಯ ಶಾಸನದ ಬಗ್ಗೆ ಗೊತ್ತಾ? ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು, 945ನೇ ಇಸವಿ. ಆಗ ಊರಿನ ಹೆಸರು ಪಾವಿಟ್ಟಗೆ. ರಾಜನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನ ವಿದ್ಯಾರ್ಥಿಗಳು ಬಂದು ಇರುತ್ತಿದ್ದರು. ಅವರಿಗೆ 27 ಮನೆ, ಖರ್ಚಿಗೆ 500 ನಿವರ್ತನ ಭೂಮಿ, ದೀಪಕ್ಕೆ ಅಂತಲೇ ಬೇರೆ 12 ನಿವರ್ತನ. ಶಾಲೆಯ ಪಾವಿಟ್ಟಗೆಯೇ ಸವೆದು ಸಾಲೋಟಗಿ ಆಯ್ತು ಅನ್ನುತ್ತಾರೆ. ನನಗೆ ಆ ದೀಪದ ಭೂಮಿ ಬಹಳ ಇಷ್ಟ. ರಾತ್ರಿ ಓದುವ ಹುಡುಗರ ಎಣ್ಣೆಗೆ ಹೊಲ ಬಿಟ್ಟುಕೊಟ್ಟಿದ್ದಾರೆ ನೋಡಿ! ಅನಾಥೆಮ್‌ನಲ್ಲಿ ಗಡಿಯಾರ, ಗಂಟೆ, ತೋಟ ಅಂತ ಪುಟಗಟ್ಟಲೆ ಬರುವಾಗ ನನಗೆ ಬೇಜಾರಾಗದೇ ಇದ್ದದ್ದು ಇದರಿಂದ. ವಿದ್ಯೆಯನ್ನು ಸಾವಿರ ವರ್ಷ ಕಾಯಬೇಕು ಅಂದರೆ ಯಾರೋ ಎಣ್ಣೆಯ ಲೆಕ್ಕ ಬರೆದಿಡಬೇಕು.

ಗಣಿತ_ಮೇಡಂ (ಜಮಖಂಡಿ)

ತೋಟ ಅಂದಿರಲ್ಲ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಪುಸ್ತಕದಲ್ಲಿ "ಟ್ಯಾಂಗಲ್" ಅಂತ ಬರುತ್ತದೆ. ಒಂದೇ ತುಂಡು ನೆಲದಲ್ಲಿ ಬೇರೆ ಬೇರೆ ಬೆಳೆ, ಒಂದರ ಕಾಂಡಕ್ಕೆ ಇನ್ನೊಂದರ ಬಳ್ಳಿ ಹಬ್ಬಿರುತ್ತದೆ, ಒಂದಕ್ಕೊಂದು ಆಸರೆ. ಪದ ನೋಡಿ ಗಾಬರಿಯಾಗಿದ್ದೆ. ಆಮೇಲೆ ನಮ್ಮ ಯಜಮಾನರಿಗೆ ಓದಿ ಹೇಳಿದರೆ, "ಅಕ್ಕಡಿ ಸಾಲಲ್ಲವೇನು ಅದು?" ಅಂದರು. ಅಷ್ಟೇ. ಜೋಳದ ನಡುವೆ ತೊಗರಿ ಹಾಕುವವರಿಗೆ ಪದಕೋಶ ಬೇಕಿಲ್ಲ.

ಇನ್ನು ಲೆಕ್ಕದ ವಿಷಯ. ಕೊನೆಯಲ್ಲಿ ಪದಕೋಶ ಮಾತ್ರ ಅಲ್ಲ, "ಕಾಲ್ಕಾ" ಅಂತ ಮೂರು ಅನುಬಂಧ ಇವೆ. ಕಥೆಯ ನಡುವೆ ಬರುವ ಲೆಕ್ಕವನ್ನು ಅಲ್ಲಿ ಬಿಡಿಸಿದ್ದಾನೆ. ಒಂದರಲ್ಲಿ ಕೇಕ್ ಕತ್ತರಿಸುವ ನೆಪದಲ್ಲಿ ಹಳೇ ಪ್ರಶ್ನೆ ಬರುತ್ತದೆ: ಒಂದು ಚೌಕದ ವಿಸ್ತೀರ್ಣ ಎರಡರಷ್ಟು ಆಗಬೇಕಾದರೆ ಬದಿ ಎಷ್ಟಿರಬೇಕು? ನಾನು ಇದನ್ನು ಪಿಯುಸಿ ತರಗತಿಗೆ ಒಯ್ದೆ. ಕೇಕ್ ಎಲ್ಲಿಂದ ತರಲಿ, ಮೈಸೂರುಪಾಕಿನ ಚೌಕ ತಟ್ಟೆ ಒಯ್ದೆ. ಎಲ್ಲರೂ ಒಟ್ಟಿಗೆ "ಬದಿ ಎರಡರಷ್ಟು ಮಾಡಿ ಮೇಡಂ" ಅಂದರು. ಬೋರ್ಡ್ ಮೇಲೆ ಬರೆದೆ. ನಾಲ್ಕರಷ್ಟು ಆಯ್ತು. ಗಪ್‌ಚಿಪ್. ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಬಂದು, ತಟ್ಟೆಯ ಮೇಲೆ ಚಾಕುವಿನಿಂದ ಮೂಲೆಯಿಂದ ಮೂಲೆಗೆ ಗೆರೆ ಎಳೆದು, "ಈ ಗೆರೆಯ ಮೇಲೆ ಚೌಕ ಕಟ್ಟಬೇಕು" ಅಂದಳು. ಅರ್ಧ ತಟ್ಟೆ ಅವಳಿಗೇ ಕೊಟ್ಟೆ.

ಬಾವಲಿ ಅವರ ದೂರು ಸುಳ್ಳಲ್ಲ. ಭಾಸ್ಕರಾಚಾರ್ಯರು, 1114ರಲ್ಲಿ ಹುಟ್ಟಿದವರು, ನಮ್ಮ ಬಿಜ್ಜರಗಿಯವರೇ ಅಂತ ಈ ಕಡೆಯವರು ಹೇಳಿಕೊಳ್ಳುತ್ತೇವೆ, ಮಹಾರಾಷ್ಟ್ರದವರು ಒಪ್ಪುವುದಿಲ್ಲ, ಆ ಜಗಳ ಇರಲಿ. ಅವರು ಜೇನುಹುಳದ ಹಿಂಡಿನ ಲೆಕ್ಕವನ್ನು ಒಂದು ಪದ್ಯದಲ್ಲಿ ಮುಗಿಸುತ್ತಾರೆ. ಈ ಮನುಷ್ಯ ಅಂಥದ್ದಕ್ಕೆ ಆರು ಪುಟ ತಗೊಳ್ಳುತ್ತಾನೆ. ಆರರಲ್ಲಿ ಎರಡು ಸೊಗಸಾಗಿರುತ್ತವೆ, ಅದೇ ಕಷ್ಟ. ಯಾವ ಎರಡು ಅಂತ ಮೊದಲೇ ಗೊತ್ತಾಗುವುದಿಲ್ಲ.

ಕುಂದಾ_ಕ್ಯಾಂಪ್

ನನ್ನ ತಕರಾರು ಪದಗಳ ಬಗ್ಗೆ ಅಲ್ಲವೇ ಅಲ್ಲ. ಮೊದಲ 200 ಪುಟ ಕಷ್ಟ ಆದರೂ ಅಲ್ಲಿ ಒಂದು ಮಜಾ ಇದೆ. ಹೊಸದಾಗಿ ಒಂದು ಮನೆಗೆ ಬಾಡಿಗೆಗೆ ಹೋದಾಗ ಯಾವ ಸ್ವಿಚ್ಚಿಗೆ ಯಾವ ದೀಪ ಅಂತ ಹದಿನೈದು ದಿನ ತಡಕಾಡುತ್ತೇವಲ್ಲ, ಹಾಗೆ. ಸ್ಟೀಫನ್‌ಸನ್ ಕೂಡ ಶುರುವಿನ ಟಿಪ್ಪಣಿಯಲ್ಲಿ ಹೇಳಿಬಿಟ್ಟಿದ್ದಾನೆ, ತಾವೇ ಬಿಡಿಸಿಕೊಂಡು ಓದುವ ಖುಷಿ ಬೇಕಾದವರು ಈ ಟಿಪ್ಪಣಿ ಬಿಟ್ಟು ಮುಂದೆ ಹೋಗಿ ಅಂತ.

ತಕರಾರು ನಡುವಿನ ಭಾಗದ್ದು. ಕಥೆ ಏನು ಅಂತ ಬಿಚ್ಚಿಡುವುದಿಲ್ಲ, ಆಕಾಶದಲ್ಲಿ ಏನೋ ಕಾಣಿಸುತ್ತದೆ ಅಂತ ಮಾತ್ರ ಹೇಳುತ್ತೇನೆ. ಅಲ್ಲಿಂದ ಕಥೆ ಜಿಗಿಯಬೇಕು. ಜಿಗಿಯುವುದಿಲ್ಲ! ಎರಾಸ್ಮಣ್ಣ ಹೊರಗೆ ಹೋಗುತ್ತಾನೆ, ಉತ್ತರ ಧ್ರುವದ ಕಡೆ, ಹಿಮದ ಮೇಲೆ, ಬಂಡಿಯಲ್ಲಿ. ಯಾರು ಯಾವ ಬಂಡಿಯಲ್ಲಿ ಕೂತರು, ಏನು ತಿಂದರು, ಯಾವ ಬಟ್ಟೆ ಹಾಕಿದರು. ನಾನು ಎಂಟು ತಿಂಗಳು ಬಿಟ್ಟಿದ್ದು ಅಲ್ಲೇ. ಗೋಡೆಯೊಳಗಿನ ಲೋಕವನ್ನು ಅಷ್ಟು ಶ್ರದ್ಧೆಯಿಂದ ಕಟ್ಟಿದವನು ಹೊರಗಿನದನ್ನು ಸುಮ್ನೆ ರಸ್ತೆ, ಡಾಬಾ, ಪೆಟ್ರೋಲ್ ಬಂಕ್ ಥರ ಬಿಟ್ಟಿದ್ದಾನೆ. ಸಂಪಾದಕರು ಕೈಯಲ್ಲಿ ಕತ್ತರಿ ಹಿಡಿಯಬೇಕಾಗಿದ್ದು ಅಲ್ಲಿ. ಆದರೂ ಇದಕ್ಕೆ 2009ರಲ್ಲಿ ಲೋಕಸ್ ಪ್ರಶಸ್ತಿ ಬಂತು. ಬಹುಮಾನ ಕೊಟ್ಟವರು ಧ್ರುವದ ಭಾಗ ಹಾರಿಸಿರಬೇಕು.

ಕರದಂಟು87

ಹಾರಿಸಿದರೆ ಕೆಡುತ್ತದೆ ಕುಂದಾ ಅವರೇ. ಹೊರಗಿನ ಲೋಕ ಬೇಕಂತಲೇ ಬೋಳಾಗಿದೆ. ಗೋಡೆಯೊಳಗೆ ಬೆಳೆದ ಹುಡುಗನ ಕಣ್ಣಿಗೆ ಅದು ಹಾಗೇ ಕಾಣಬೇಕು.

ಕುಂದಾ_ಕ್ಯಾಂಪ್

ಬೋಳಾಗಿರಲಿ, ಬೇಡ ಅನ್ನಲ್ಲ. ಬೋಳನ್ನು 40 ಪುಟದಲ್ಲಿ ತೋರಿಸಬಹುದಿತ್ತು.

ಗುಮ್ಮಟದ_ಬಾವಲಿ

ಮಿತ್ರರೇ, ನಾನು ಮುಂದುವರಿಸಿದೆ. ಈಗ 260.

ಒಂದು ವಿಷಯ ಹೇಳಲೇಬೇಕು. ಆ ಕಟ್ಟಡದ ನಡುವೆ ದೊಡ್ಡ ಗಡಿಯಾರ ಇದೆಯಲ್ಲ, ಅದಕ್ಕೆ ದಿನಾ ಮಧ್ಯಾಹ್ನ ಕೀಲಿ ಕೊಡುವ ಆಚರಣೆ. ನಾಲ್ಕೂ ಮಠದವರು ಸೇರುತ್ತಾರೆ, ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ನಡುವೆ ಜಾಲರಿ. ಹಾಡು ಮಾತ್ರ ಕೇಳಿಸುತ್ತದೆ. ಈ ಜಾಗದ ವರ್ಣನೆ ನನಗೆ ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಕಂಬ ಎಲ್ಲಿ, ಜಾಲರಿ ಎಲ್ಲಿ, ಯಾರು ಎಲ್ಲಿ ನಿಂತರು, ಏನೂ ಗೊತ್ತಾಗಲಿಲ್ಲ. ರವಿವಾರ ನೆಂಟರ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಮೇಲೆ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಕಿವಿ ಇಟ್ಟು ನಿಂತೆ. ಆ ಗುಮ್ಮಟದ ಹೊರಗಿನ ವ್ಯಾಸ 44 ಮೀಟರ್. ಆಚೆ ಬದಿಯಲ್ಲಿ ಯಾರೋ ಹೆಂಗಸು ಮಗುವಿಗೆ "ಚಪ್ಪಲಿ ಎಲ್ಲಿ ಬಿಟ್ಟಿ?" ಅಂದದ್ದು ನನ್ನ ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸಿತು. ಆಕೆ ಯಾರು ಅಂತ ಆ ಗುಂಪಿನಲ್ಲಿ ಕೊನೆಗೂ ಗೊತ್ತಾಗಲಿಲ್ಲ. ಆಗ ತಟ್ಟನೆ ಹೊಳೆಯಿತು. ಸಾವಿರದ ಮಠದವರ ದನಿ ಎರಾಸ್ಮಣ್ಣನಿಗೆ ಕೇಳಿಸುವುದು ಹೀಗೆ. ಮನೆಗೆ ಬಂದು ಅದೇ ಪುಟ ಮತ್ತೆ ಓದಿದೆ, ಪಟಪಟ ಹೋಯಿತು.

ಈ ಗಡಿಯಾರ ಪೂರ್ತಿ ಕಲ್ಪನೆಯಾ?

ಇಳಕಲ್_ಅಂಚು

ಅಲ್ಲ. ಡ್ಯಾನಿ ಹಿಲಿಸ್ ಅನ್ನೋ ಎಂಜಿನಿಯರ್ 10,000 ವರ್ಷ ನಡೆಯುವ ಗಡಿಯಾರದ ಯೋಚನೆ ಮಾಡಿದರು. ಅದಕ್ಕಾಗಿ 1996ರಲ್ಲಿ ಲಾಂಗ್ ನೌ ಅಂತ ಸಂಸ್ಥೆ ಶುರುವಾಯಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಗುಡ್ಡದೊಳಗೆ ದೊಡ್ಡ ಗಡಿಯಾರದ ಕೆಲಸ ನಡೆದಿದೆ, ಜೆಫ್ ಬೆಜೋಸ್ ದುಡ್ಡು ಹಾಕಿದ್ದಾರೆ. ಈ ಕಾದಂಬರಿಯ ಬೀಜ ಅಲ್ಲಿಂದ ಬಂದದ್ದು. ಗಡಿಯಾರ ಹತ್ತು ಸಾವಿರ ವರ್ಷ ನಡೆಯಬೇಕು ಅಂದರೆ ಅದರ ಸುತ್ತ ಎಂಥ ಜನ ಬದುಕಬೇಕಾಗುತ್ತದೆ ಅಂತ ಯೋಚಿಸುತ್ತ ಹೋದರೆ ಮಠವೇ ಬರುತ್ತದೆ.

ಬಿಡಿ_ಹಾಳೆ (ಬೆಳಗಾವಿ)

ಸಾಫ್ಟ್‌ವೇರ್ ಕೆಲಸದವನು ನಾನು. ಈ ಪುಸ್ತಕದಲ್ಲಿ ನಮ್ಮಂಥವರಿಗೆ "ಇಟಾ" ಅಂತ ಹೆಸರು. ಕಂಪ್ಯೂಟರ್ ನೋಡಿಕೊಳ್ಳುವವರು. ಅದೇ ಗೋಡೆಯೊಳಗೇ ಇರುತ್ತಾರೆ, ಆದರೆ ಮಠದವರು ಅವರ ಜೊತೆ ಮಾತಾಡುವ ಹಾಗಿಲ್ಲ, ಬೆರೆಯುವ ಹಾಗಿಲ್ಲ. ಓದುತ್ತ ಓದುತ್ತ ಹೊಟ್ಟೆಯಲ್ಲಿ ಒಂಥರಾ ಆಯ್ತು. ಬೇರೆ ದೇಶದ ಓದುಗರು ಇದನ್ನು ತಮಾಷೆ ಅಂತ ಓದಿರಬಹುದು, ಐಟಿ ಅನ್ನೋದನ್ನೇ ಇಟಾ ಮಾಡಿದ್ದಾನೆ ಅಂತ. ನಮಗೆ ಆಗುತ್ತಾ? ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುವುದು ನಮ್ಮೂರುಗಳಲ್ಲಿ ಕಥೆ ಅಲ್ಲ.

ಕರದಂಟು87

ಹೌದು. ಅದೇ ಕಾರಣಕ್ಕೆ ನಾನು ಅಣ್ಣ, ಅಕ್ಕ ಅಂತ ಖುಷಿಯಾಗಿ ಓದುತ್ತಿದ್ದವನು ಅಲ್ಲಿ ನಿಂತೆ. ಅಣ್ಣ ಅಕ್ಕ ಅಂತ ಕರೆದುಕೊಂಡವರು ಆ ಗೆರೆಯನ್ನು ಅಳಿಸಲು ಹೊರಟವರು. ಇವರು ಅದೇ ಹೆಸರಿಟ್ಟುಕೊಂಡು ಗೆರೆ ಎಳೆದಿದ್ದಾರೆ. ಲೇಖಕ ಇದನ್ನು ಹಾಗೇ ಬಿಟ್ಟಿಲ್ಲ, ಮುಂದೆ ಒಬ್ಬ ಇಟಾ ಜೊತೆಗೇ ಬರುತ್ತಾನೆ, ಅವನಿಲ್ಲದೆ ಕಥೆ ನಡೆಯುವುದಿಲ್ಲ. ಆದರೆ ನನಗೆ ಇನ್ನೂ ಜಾಸ್ತಿ ಬೇಕಿತ್ತು. 900 ಪುಟ ಇದ್ದಾಗ ಜಾಗ ಇರಲಿಲ್ಲ ಅನ್ನೋ ಹಾಗಿಲ್ಲ.

ಸುಮ್ನೆ_ಓದೋನು

ನೀವೆಲ್ಲ ಸೇರಿ ನನ್ನನ್ನು ಮತ್ತೆ ಓದಿಸುತ್ತೀರಿ ಅನಿಸುತ್ತೆ. ಒಂದು ಕೇಳುತ್ತೇನೆ. ಅನಾಥೆಮ್ ಅಂದರೆ ಏನು? ಬಿಟ್ಟವನಿಗೆ ಕನಿಷ್ಠ ತಲೆಬರಹದ ಅರ್ಥನಾದರೂ ಹೇಳಿ.

ಗಣಿತ_ಮೇಡಂ

ಮಠದಿಂದ ಒಬ್ಬರನ್ನು ಹೊರಹಾಕುವಾಗ ಎಲ್ಲರೂ ಸೇರಿ ಹಾಡುವ ಹಾಡು. ಇಂಗ್ಲಿಷಿನ ಎರಡು ಪದ ಅದರಲ್ಲಿ ಕೂಡಿಕೊಂಡಿವೆ, ಒಂದು ಎಲ್ಲರೂ ನಿಂತು ಹಾಡುವ ಗೀತೆ, ಇನ್ನೊಂದು ಬಹಿಷ್ಕಾರ. ಬಾವಲಿ ಅವರ ಅವ್ವ ಹೇಳಿದ್ದು ತೀರಾ ತಪ್ಪೇನಲ್ಲ. ಹೊರಹಾಕಿದ ಮೇಲೆ ಆ ಮನುಷ್ಯ ಅನಾಥನೇ ತಾನೇ.

ತಪ್ಪು ಮಾಡಿದವರಿಗೆ ಸಣ್ಣ ಶಿಕ್ಷೆಯೂ ಇದೆ. ಅರ್ಥವೇ ಇಲ್ಲದ ಒಂದು ಪುಸ್ತಕವನ್ನು ಬಾಯಿಪಾಠ ಮಾಡಬೇಕು. ಒಂದೊಂದು ಅಧ್ಯಾಯ ಹೆಚ್ಚಾದಂತೆ ತಲೆ ಹೆಚ್ಚು ಕೆಡುತ್ತದೆ.

ಸುಮ್ನೆ_ಓದೋನು

ಗೊತ್ತಾಯ್ತು. ನಾನು ಆ ಶಿಕ್ಷೆಯ 90 ಪುಟ ಅನುಭವಿಸಿದ್ದೇನೆ.

(ಹುಡುಕುತ್ತಿದ್ದೇನೆ, ಪುಸ್ತಕ ಅಟ್ಟದ ಮೇಲೆ ಎಲ್ಲೋ ಇದೆ.)

ಕರದಂಟು87

ಬಾವಲಿ ಅವರೇ, ನನ್ನ ಪ್ರತಿಯ ಪದಕೋಶವನ್ನು ಜೆರಾಕ್ಸ್ ಮಾಡಿಸಿದ್ದೇನೆ. ಮೂರೂ ಕಾಲ್ಕಾನೂ ಸೇರಿಸಿದ್ದೇನೆ. ನಮ್ಮೂರಿನವರೊಬ್ಬರು ಗುರುವಾರ ವಿಜಯಪುರಕ್ಕೆ ಬರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ತಗೊಳ್ಳಿ. ಆದರೆ ಒಂದು ಕೋರಿಕೆ. ತಕ್ಷಣ ಬಿಚ್ಚಬೇಡಿ. ನಿಮ್ಮ ಜೇಬುಪುಸ್ತಕದ ಪಟ್ಟಿ ಮುಗಿಯಲಿ.

ಗುಮ್ಮಟದ_ಬಾವಲಿ

ಕವರು ಸಿಕ್ಕಿತು, ಉಪಕಾರ ರೀ. ಒಂದು ವಾರ ಬಿಚ್ಚಲಿಲ್ಲ. ಧ್ರುವದ ಭಾಗವನ್ನು ಪದಕೋಶ ಇಲ್ಲದೇ ದಾಟಿದೆ (ಕುಂದಾ ಅವರು ಹೇಳಿದ್ದು ಪೂರ್ತಿ ನಿಜ, ಎರಡು ದಿನ ಬಸ್ಸಿನಲ್ಲಿ ನಿದ್ದೆ ಮಾಡಿದೆ, ಒಂದು ದಿನ ಸ್ಟಾಪೇ ದಾಟಿ ಹೋಯಿತು). ನಿನ್ನೆ ರಾತ್ರಿ ಬಿಚ್ಚಿದೆ. ನನ್ನ ಪಟ್ಟಿ 131 ಪದಕ್ಕೆ ನಿಂತಿತ್ತು. ತಾಳೆ ನೋಡಿದರೆ 97 ಸರಿ, ಉಳಿದವು ತಪ್ಪು. ಕೆಲವು ತಪ್ಪುಗಳು ಸರಿ ಉತ್ತರಕ್ಕಿಂತ ನನಗೆ ಇಷ್ಟವಾದವು. "ಡಯಾಕ್ಸ್‌ನ ರೇಕ್" ಅಂದರೆ ಹೊಲದ ಕೆಲಸದ ಯಾವುದೋ ಸಾಮಾನು ಅಂತ ಬರೆದಿದ್ದೆ. ನೋಡಿದರೆ ಸಾಮಾನು ನಿಜ, ಆದರೆ ಡಯಾಕ್ಸ್ ಅದನ್ನು ಹಿಡಿದು ಗುಡಿಯಿಂದ ಭವಿಷ್ಯ ಹೇಳುವವರನ್ನು ಓಡಿಸಿದ್ದಾನೆ. ಬೇಕು ಅನಿಸಿದ ಮಾತ್ರಕ್ಕೆ ಒಂದನ್ನು ನಿಜ ಅಂತ ನಂಬಬಾರದು ಅನ್ನೋದಕ್ಕೆ ಆಮೇಲೆ ಅದೇ ಹೆಸರಾಯಿತು. ಇಟಾ ಎದುರಿಗೆ "ಜಾತಿ?" ಅಂತ ಪ್ರಶ್ನೆಚಿಹ್ನೆ ಹಾಕಿದ್ದೆ. ಅದನ್ನು ಅಳಿಸಿಲ್ಲ.

ಬ್ಲೇಡ್ ಹಾಕಿ ಆ ಪುಟ ತೆಗೆದವರ ಮೇಲೆ ಈಗ ಅಷ್ಟು ಸಿಟ್ಟಿಲ್ಲ. ಮಾರಿದವರ ಮೇಲೆ ಇದೆ.

ಕರದಂಟು ಅವರೇ, ಕವರಿನೊಳಗೆ ಕರದಂಟಿನ ಪೊಟ್ಟಣ ಇಟ್ಟಿದ್ದೀರಿ, ಜೆರಾಕ್ಸಿನ ಮೊದಲ ಎರಡು ಹಾಳೆಗೆ ತುಪ್ಪ ಹತ್ತಿದೆ. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಆ ಅನಾಥ ಹುಡುಗನಿಗೆ ತನ್ನವರು ಯಾರಾದರೂ ಸಿಕ್ಕರೇನು?" ಅಂತ ಕೇಳಿದಳು. 588ನೇ ಪುಟದಲ್ಲಿ ಇದ್ದೀನವ್ವ, ಇನ್ನೂ ಗೊತ್ತಾಗಿಲ್ಲ ಅಂದೆ.